ರಕ್ತದ ಹೆಪ್ಪು ಮತ್ತು ಅರ್ಬುದ ರೋಗ

ಬೆರಳಿಗೆ ಮುಳ್ಳು ಚುಚ್ಚಿದಾಗ ಜಿನುಗುವ ರಕ್ತವು ಕೆಲವೇ ನಿಮಿಷಗಳಲ್ಲಿ ಹೆಪ್ಪುಗಟ್ಟಿ ನಿಲ್ಲುತ್ತದೆ. ಈ ಗುಣವಿಲ್ಲದಿದ್ದರೆ ಸಣ್ಣ ಗಾಯವೂ ನಮ್ಮ ಪ್ರಾಣಕ್ಕೆ ಎರವಾಗುತ್ತಿತ್ತು. ಆದರೆ ಗಾಯವೇ ಇಲ್ಲದೆ ರಕ್ತನಾಳದೊಳಗೆ ರಕ್ತವು ಗರಣೆಗಟ್ಟಿದರೆ, ಕಾಯಬೇಕಾದ ಗುಣವೇ ಕುತ್ತಾಗುತ್ತದೆ. ಕೆಲವೊಮ್ಮೆ ಇಂಥ ಗರಣೆಯು, ಕ್ಯಾನ್ಸರ್ ಎಂದು ನಾವು ಕರೆಯುವ ಅರ್ಬುದ ರೋಗದ ಮುನ್ಸೂಚನೆಯಾಗಿರುವುದುಂಟು.

ಈ ಸಂಬಂಧವನ್ನು ಸ್ಪಷ್ಟವಾಗಿ ಬೋಧಿಸಿದವನು ಪ್ಯಾರಿಸಿನ ಓಟೆಲ್ ದಿಯು ಆಸ್ಪತ್ರೆಯ ವೈದ್ಯ ಆರ್ಮಾಂ ಟ್ರೂಸೋ. ಜಠರದ ಬೇನೆಯು ಬರಿಯ ಹುಣ್ಣೋ ಅರ್ಬುದವೋ ಎಂಬ ಸಂಶಯವಿರುವಾಗ, ರೋಗಿಯ ಕೈ ಅಥವಾ ಕಾಲಿನ ಸಿರೆಯಲ್ಲಿ ರಕ್ತವು ಹೆಪ್ಪುಗಟ್ಟಿ ಬಾವು ಬಂದರೆ ಅದು ಅರ್ಬುದವೆಂದೇ ಬಗೆಯಬಹುದೆಂದು ಅವನು 1865ರಲ್ಲಿ ತಿಳಿಸಿದನು. 1867ರಲ್ಲಿ ಆ ಲಕ್ಷಣವು ಅವನಲ್ಲಿಯೇ ಕಾಣಿಸಿತು. ತನ್ನ ರೋಗವೇನೆಂಬುದರಲ್ಲಿ ಇನ್ನು ಸಂದೇಹವಿಲ್ಲವೆಂದು ಅವನು ಶಿಷ್ಯನಿಗೆ ಹೇಳಿದನು. ಅದೇ ವರ್ಷದ ಜೂನ್ ತಿಂಗಳಲ್ಲಿ ಜಠರದ ಅರ್ಬುದದಿಂದ ಮರಣ ಹೊಂದಿದನು.

ಇದಕ್ಕೆ ಕಾರಣವೇನು? ಹಾಲು ಮೊಸರಾಗಲು ಹೆಪ್ಪು ಹಾಕಬೇಕಷ್ಟೆ. ರಕ್ತಕ್ಕೂ ಅಂಥದೊಂದು ಹೆಪ್ಪು ಉಂಟು. ಅದು ಅಂಗಾಂಶಕಾರಕವೆಂಬ ಪ್ರೋಟೀನು. ಆರೋಗ್ಯವಂತರಲ್ಲಿ ಇದು ರಕ್ತನಾಳದ ಹೊರಪದರಗಳಲ್ಲಿದ್ದು, ನಾಳವು ಹರಿದಾಗ ಮಾತ್ರ ರಕ್ತವನ್ನು ಸಂಧಿಸುತ್ತದೆ. ಆಗ ಥ್ರಾಂಬಿನ್ ಹುಟ್ಟಿ, ರಕ್ತದಲ್ಲಿ ಕರಗಿರುವ ಫೈಬ್ರಿನೋಜನ್ನನ್ನು ಫೈಬ್ರಿನ್ ಎಳೆಗಳನ್ನಾಗಿ ಮಾಡುತ್ತದೆ. ಎಳೆಗಳ ಬಲೆಯಲ್ಲಿ ರಕ್ತಕಣಗಳು ಸಿಕ್ಕಿಕೊಂಡು ಗರಣೆಯಾಗುತ್ತದೆ. ಅನೇಕ ಅರ್ಬುದ ಕೋಶಗಳು ಈ ಹೆಪ್ಪನ್ನು ತಮ್ಮ ಮೈಮೇಲೆಯೇ ಹೊತ್ತಿರುತ್ತವೆ. ಸೂಕ್ಷ್ಮ ಕೋಶಿಕೆಗಳ ರೂಪದಲ್ಲಿ ರಕ್ತಕ್ಕೂ ಚೆಲ್ಲುತ್ತವೆ. ಮೇದೋಜೀರಕ, ಜಠರ ಮತ್ತು ಮಿದುಳಿನ ಅರ್ಬುದಗಳಲ್ಲಿ ಗರಣೆಯ ಭಯ ವಿಶೇಷ. ಗೆಡ್ಡೆಯು ಸಿರೆಯನ್ನು ಅದುಮುವುದು, ರೋಗಿಯು ಹಾಸಿಗೆ ಹಿಡಿಯುವುದು, ಕೆಲವು ಔಷಧಗಳು ನಾಳದ ಒಳಪದರವನ್ನು ಕೆಡಿಸುವುದು, ಇವೂ ಅದಕ್ಕೆ ನೆರವಾಗುತ್ತವೆ. ಕಾಲಿನಲ್ಲಿ ಹುಟ್ಟಿದ ಗರಣೆಯು ಕಳಚಿಕೊಂಡು ಶ್ವಾಸಕೋಶದ ನಾಳವನ್ನು ಮುಚ್ಚಿದರೆ ಪ್ರಾಣಾಪಾಯವುಂಟು.

ಹಾಗೆಂದು ಗರಣೆ ಕಂಡವರೆಲ್ಲರಿಗೂ ಅರ್ಬುದವಿದೆಯೆಂದು ನಾವು ಹೆದರಬೇಕಾಗಿಲ್ಲ. ಸ್ಪಷ್ಟ ಕಾರಣವಿಲ್ಲದೆ ಗರಣೆಗಟ್ಟಿದ 854 ಜನರನ್ನು ಕೆನಡಾದ ವೈದ್ಯರು ಒಂದು ವರ್ಷ ಗಮನಿಸಿ, 2015ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅರ್ಬುದವು ಕಂಡುಬಂದದ್ದು ನೂರಕ್ಕೆ ನಾಲ್ವರಿಗಿಂತ ಕಡಿಮೆ ಜನರಲ್ಲಿ. ಸಾಮಾನ್ಯ ತಪಾಸಣೆಯ ಜೊತೆಗೆ ಹೊಟ್ಟೆಯ ಸಿ.ಟಿ. ಚಿತ್ರ ತೆಗೆದುದರಿಂದಲೂ ಹೆಚ್ಚಿನ ಪ್ರಯೋಜನವಾಗಲಿಲ್ಲ.

ಟ್ರೂಸೋವಿನ ಕಾಲದಲ್ಲಿ ಲಕ್ಷಣವನ್ನು ತಿಳಿದರೂ ಮಾಡಬಹುದಾದುದು ಅಲ್ಪವಾಗಿತ್ತು. ಇಂದು ಹಾಗಿಲ್ಲ. 2003ರಲ್ಲಿ ಪ್ರಕಟವಾದ, 676 ಅರ್ಬುದ ರೋಗಿಗಳ ಮೇಲಿನ ಪರೀಕ್ಷೆಯೊಂದರಲ್ಲಿ, ವಾರ್ಫರಿನ್ ವರ್ಗದ ಮಾತ್ರೆ ತೆಗೆದುಕೊಂಡವರಲ್ಲಿ ಆರು ತಿಂಗಳೊಳಗೆ ನೂರಕ್ಕೆ ಸುಮಾರು 17 ಮಂದಿಗೆ ಗರಣೆಯು ಮರುಕಳಿಸಿತು. ಹೆಪಾರಿನ್ ಜಾತಿಯ ಚುಚ್ಚುಮದ್ದು ಪಡೆದವರಲ್ಲಿ ಸುಮಾರು 9 ಮಂದಿಗೆ ಮಾತ್ರ. ಈಗ ಹೊಸ ಬಗೆಯ ಮಾತ್ರೆಗಳೂ ಬಂದಿವೆ. ಆದರೆ ಹೆಪ್ಪನ್ನು ತಡೆಯುವ ಮದ್ದು ರಕ್ತಸ್ರಾವಕ್ಕೂ ದಾರಿ ಮಾಡಬಲ್ಲುದು. ಆದುದರಿಂದ ಯಾವುದನ್ನು ಎಷ್ಟು ಕೊಡಬೇಕೆಂಬುದನ್ನು ವೈದ್ಯರೇ ನಿರ್ಧರಿಸಬೇಕು.

ಒಂದೇ ಕಾಲು ಬಾತು ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಇವನ್ನು ಆಯಾಸವೆಂದು ಕಡೆಗಣಿಸಲಾಗದು. ನಮ್ಮ ಮನೆಯಲ್ಲಿ ಯಾರಿಗಾದರೂ, ಅದರಲ್ಲಿಯೂ ಅರ್ಬುದಕ್ಕೆ ಚಿಕಿತ್ಸೆ ಪಡೆಯುತ್ತಿರುವವರಿಗೆ, ಇವು ಕಂಡರೆ ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯುವುದು ನಮ್ಮ ಕರ್ತವ್ಯ.