ಬರಿದಲ್ಲದ ಮರುಭೂಮಿ

ರಾಜಸ್ಥಾನದ ಪಶ್ಚಿಮ ಗಡಿಯಲ್ಲಿರುವ ಜೈಸಲ್ಮೇರ್ ಜಿಲ್ಲೆಯ ಹೆಸರು ಕೇಳಿದೊಡನೆ ಮರಳಿನ ದಿಬ್ಬಗಳೂ ಒಂಟೆಗಳ ಸಾಲೂ ನಮ್ಮ ಕಣ್ಣ ಮುಂದೆ ಬಂದು ನಿಲ್ಲುತ್ತವೆ. ಅಲ್ಲಿ ಮತ್ತೇನೂ ಇಲ್ಲವೆಂಬ ಭಾವನೆ ಬಹುಜನರಲ್ಲಿ ಬೇರೂರಿದೆ. ದೂರದಲ್ಲಿರುವವರ ತಿಳಿವಳಿಕೆ ಅಷ್ಟೇ ಆಗಿದ್ದರೆ ಹೆಚ್ಚಿನ ಹಾನಿಯಿರಲಿಲ್ಲ. ಆದರೆ ಅದೇ ಭಾವನೆಯು ಸರಕಾರದ ದಫ್ತರದಲ್ಲಿ 'ಬಂಜರು' ಎಂಬ ಶಬ್ದವಾಗಿ ಇಳಿದಾಗ ಒಂದು ಜನಜೀವನದ ಬುಡಕ್ಕೇ ಕೊಡಲಿಯೇಟು ಬೀಳುತ್ತದೆಂಬುದನ್ನು ವಾಚಕರು ಮನಗಾಣಬೇಕು.

ವಿಸ್ತಾರದಲ್ಲಿ ಇದು ರಾಜಸ್ಥಾನದ ಜಿಲ್ಲೆಗಳಲ್ಲೆಲ್ಲ ದೊಡ್ಡದು; ೩೮,೪೦೧ ಚದರ ಕಿಲೋಮೀಟರು, ಎಂದರೆ ಹೆಚ್ಚುಕಡಮೆ ಕೇರಳ ರಾಜ್ಯದಷ್ಟು. ೨೦೧೧ರ ಜನಗಣತಿಯಂತೆ ಇಲ್ಲಿಯ ಜನಸಂಖ್ಯೆ ೬,೬೯,೯೧೯. ಚದರ ಕಿಲೋಮೀಟರಿಗೆ ೧೭ ಜನ ಮಾತ್ರ. ವರ್ಷದ ಸರಾಸರಿ ಮಳೆ ೨೦೦ ಮಿಲಿಮೀಟರನ್ನೂ ಮುಟ್ಟುವುದಿಲ್ಲ. ಇಂತಹ ನೆಲದಲ್ಲಿ ರಾವಲ್ ಜೈಸಲನು ೧೧೫೬ರಲ್ಲಿ ಸ್ಥಾಪಿಸಿದ ಹಳದಿ ಕಲ್ಲಿನ ಕೋಟೆಯೊಳಗೆ ಇಂದಿಗೂ ಜನರು ಒಕ್ಕಲಿದ್ದಾರೆ. ಇದು ಹೇಗೆ ಸಾಧ್ಯವಾಯಿತು?

ಬಿದ್ದ ಹನಿಯನ್ನು ಪೋಲಾಗಗೊಡದ ಜಾಣ್ಮೆಯಿಂದ ಸಾಧ್ಯವಾಯಿತು. ಪಾಲೀವಾಲ್ ಬ್ರಾಹ್ಮಣರು ಇಲ್ಲಿ ಬೆಳೆಸಿದ 'ಖಡೀನ್' ಪದ್ಧತಿಯನ್ನು ನೋಡಿರಿ. ಕಲ್ಲುನೆಲದ ಇಳಿಜಾರಿನಿಂದ ಹರಿದುಬರುವ ಮಳೆನೀರನ್ನು ತಗ್ಗಿನಲ್ಲಿ ಮಣ್ಣಿನ ಒಡ್ಡು ಹಾಕಿ ನಿಲ್ಲಿಸುತ್ತಾರೆ. ನೀರು ಇಂಗಿದ ಮೇಲೆ ಆ ಹಸಿಯಲ್ಲಿಯೇ ಗೋದಿ, ಕಡಲೆಗಳನ್ನು ಬಿತ್ತಿ ಹಿಂಗಾರಿ ಬೆಳೆ ತೆಗೆಯುತ್ತಾರೆ. ಮರಳಿನಡಿ ಜಿಪ್ಸಮ್ಮಿನ ಪದರವಿದ್ದಲ್ಲಿ, ಅದರ ಮೇಲೆ ನಿಂತ ಪಸೆಯನ್ನು ಕಿರಿದಾದ ಬಾವಿಗಳಲ್ಲಿ ಹನಿಹನಿಯಾಗಿ ಸಂಗ್ರಹಿಸುತ್ತಾರೆ. ಅಕ್ಷರಸ್ಥರೆನಿಸಿದ ನಾವು ಇವರಿಂದ ಕಲಿಯಬೇಕಾದುದು ಬಹಳವಿದೆ.

ಬೇಸಾಯಕ್ಕಿಂತಲೂ ಪಶುಪಾಲನೆಯೇ ಇಲ್ಲಿಯವರಿಗೆ ಹೆಚ್ಚಿನ ಆಸರೆ. ಥಾರ್‌ಪಾರ್ಕರ್ ತಳಿಯ ಆಕಳು, ಕುರಿ, ಒಂಟೆಗಳು ಸೇವಣ ಹುಲ್ಲನ್ನು ಮೇಯುತ್ತವೆ. ನಾವು ವಿಜಯದಶಮಿಯಲ್ಲಿ ಪೂಜಿಸುವ ಬನ್ನಿಯೇ ಅಲ್ಲಿಯ ಖೇಜಡಿ. ಅದರ ಸೊಪ್ಪು ದನಗಳಿಗೆ ಮೇವು, ಕಾಯಿ ಮನುಷ್ಯರಿಗೆ ಪಲ್ಯ. ಇಂತಹ ಹುಲ್ಲುಗಾವಲುಗಳನ್ನು ಹಿರಿಯರು ದೇವರ ಹೆಸರಿನಲ್ಲಿ 'ಓರಣ್'ಗಳೆಂದು ಬಿಟ್ಟಿದ್ದಾರೆ. ಅಲ್ಲಿ ದನ ಮೇಯಬಹುದು. ಮರಕ್ಕೆ ಕೊಡಲಿ ತಾಗಕೂಡದು. ಕಾನೂನಿನ ಭಯವಿಲ್ಲದೆಯೇ ಈ ಕಟ್ಟಳೆಯು ತಲೆತಲಾಂತರದಿಂದ ನಡೆದುಬಂದಿದೆ.

ಸಂಸ್ಕೃತಿಯಲ್ಲಿಯೂ ಈ ನಾಡು ಬಡವಾದುದಲ್ಲ. ಸಿಂಧದೊಡನೆ ನಡೆದ ಸಾರ್ಥವಾಹರ ವ್ಯಾಪಾರದಿಂದ ಬಂದ ಸಂಪತ್ತು ವರ್ತಕರ ಹವೇಲಿಗಳ ಕಲ್ಲಿನ ಕೆತ್ತನೆಯಲ್ಲಿ ಉಳಿದಿದೆ. ಕೋಟೆಯ ಜೈನ ಭಂಡಾರದಲ್ಲಿ ಪ್ರಾಚೀನ ತಾಳೆಗರಿಯ ಗ್ರಂಥಗಳಿವೆ. ಮುಸಲ್ಮಾನರಾದ ಮಾಂಗಣಿಯಾರ್ ಗಾಯಕರು ಕಮಾಯಚ ನುಡಿಸುತ್ತ ಹಿಂದೂ ಯಜಮಾನರ ಮನೆಗಳಲ್ಲಿ ಕೃಷ್ಣನ ಪದಗಳನ್ನು ಹಾಡುತ್ತಾರೆ. ಸ್ವಾತಂತ್ರ್ಯದ ಹೋರಾಟದಲ್ಲಿ ಸಾಗರಮಲ್ ಗೋಪಾ ಅವರು ೧೯೪೬ರಲ್ಲಿ ಜೈಸಲ್ಮೇರಿನ ಸೆರೆಮನೆಯಲ್ಲಿ ಬೆಂಕಿಗೆ ಆಹುತಿಯಾದುದನ್ನು ದೇಶವು ಮರೆಯಲಾಗದು. ೧೯೪೭ರ ವಿಭಜನೆಯಿಂದ ಸಿಂಧದ ದಾರಿ ಮುಚ್ಚಿತು. ೧೯೪೯ರಲ್ಲಿ ಸಂಸ್ಥಾನವು ರಾಜಸ್ಥಾನದಲ್ಲಿ ವಿಲೀನವಾಯಿತು.

ಅನಂತರ ಹೊಸ ಕಾಲ ಬಂದಿತು. ಪಂಜಾಬದ ಹರಿಕೆಯಿಂದ ನೀರು ತರುವ ಕಾಲುವೆಗೆ ೧೯೫೮ರಲ್ಲಿ ಅಡಿಗಲ್ಲು ಹಾಕಲಾಯಿತು. ಮುಂದೆ ಅದಕ್ಕೆ ಇಂದಿರಾ ಗಾಂಧಿಯವರ ಹೆಸರಾಯಿತು. ಅದರಿಂದ ಅನೇಕರ ಹೊಲ ಹಸುರಾದುದೂ, ಕಾಲುವೆಯ ಪ್ರದೇಶದ ಕೆಲವೆಡೆ ನೆಲ ಜೌಗಾಗಿ ಸವುಳೇರಿದುದೂ ನಿಜ. ಈಚೆಗೆ ಗಾಳಿಯಂತ್ರಗಳೂ ಬಿಸಿಲಿನಿಂದ ವಿದ್ಯುತ್ತು ತೆಗೆಯುವ ಸ್ಥಾವರಗಳೂ ಎದ್ದಿವೆ. ದೇಶಕ್ಕೆ ವಿದ್ಯುತ್ತು ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಎಷ್ಟೋ ಓರಣ್‌ಗಳು ದಾಖಲೆಯಲ್ಲಿ ಓರಣ್‌ಗಳೆಂದು ಸೇರದೆ ಬಂಜರೆಂದೇ ಉಳಿದಿರುವುದರಿಂದ, ಅವು ಕಂಪನಿಗಳ ಪಾಲಾಗುವ ಭಯ ಗ್ರಾಮಸ್ಥರಿಗೆ ಉಂಟಾಗಿದೆ. ವಿದ್ಯುತ್ ತಂತಿಗಳಿಗೆ ಬಡಿದು ಸಾಯುವ ಗೋಡಾವಣ್ ಪಕ್ಷಿಯ ಸಂತತಿಯೂ ಅಳಿವಿನಂಚಿನಲ್ಲಿದೆ. ನಮ್ಮ ಸಿರುಗುಪ್ಪದ ಬಯಲಿನಲ್ಲಿ ಎರೆಭೂತವೆನಿಸಿಕೊಂಡು ವಿರಳವಾಗಿರುವ ಹಕ್ಕಿಯೂ ಅದೇ.

ರಾಜಸ್ಥಾನದ ಓರಣ್‌ಗಳನ್ನು ಅಳೆದು ಗುರುತಿಸಿ ಅರಣ್ಯಗಳೆಂದು ದಾಖಲಿಸಬೇಕೆಂದು ೨೦೨೪ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆಜ್ಞಾಪಿಸಿತು. ಇದು ಸ್ವಾಗತಾರ್ಹ. ಆದರೆ ಅರಣ್ಯವೆಂಬ ಹೆಸರಿನಿಂದ ದನಗಾಹಿಯ ಮೇವಿನ ಹಕ್ಕಿಗೆ ಚ್ಯುತಿ ಬಂದರೆ, ಕಾಯ್ದವನನ್ನೇ ಹೊರಗಟ್ಟಿದಂತಾದೀತು. ಅಳತೆಯ ಸರಪಳಿ ಹಿಡಿದು ಹೋಗುವ ಅಧಿಕಾರಿಯು ಮೊದಲು ಊರಿನ ಹಿರಿಯರನ್ನು ಕೇಳಲಿ. ಯಾವ ನೆಲದಲ್ಲಿ ಯಾರ ದನ ಮೇಯುತ್ತದೆ, ಯಾವ ಇಳಿಜಾರಿನ ನೀರು ಯಾವ ಖಡೀನಿಗೆ ಸೇರುತ್ತದೆ ಎಂಬುದು ಅವರಿಗೆ ಗೊತ್ತು. ಅವರ ಮಾತನ್ನು ದಫ್ತರದಲ್ಲಿ ಬರೆದುಕೊಂಡ ದಿನ 'ಬಂಜರು' ಎಂಬ ಶಬ್ದವು ತಾನಾಗಿಯೇ ಅಳಿಸಿಹೋಗುವುದೆಂದು ನಾವು ನಂಬಿದ್ದೇವೆ.