ದವಡೆಯ ಬಿಗಿತವೂ ಸ್ನಾಯು ಸಡಿಲಿಸುವ ಚುಚ್ಚುಮದ್ದೂ

ಕಷ್ಟಗಳನ್ನು ‘ಹಲ್ಲು ಕಚ್ಚಿ ಸಹಿಸುವುದು’ ಕನ್ನಡದ ಹಳೆಯ ನುಡಿಗಟ್ಟು. ಮಹಾನಗರದ ಜೀವನದಲ್ಲಿ ಇದು ಅನೇಕರ ಪಾಲಿಗೆ ಅಕ್ಷರಶಃ ನಿಜವಾಗಿದೆ. ಒಂದು ಕಾಲಕ್ಕೆ ಮುಳಾ ನದಿಯ ದಡದ ಹಳ್ಳಿಯಾಗಿದ್ದ ವಾಕಡ ಇಂದು ಪಿಂಪ್ರಿ-ಚಿಂಚವಡ ನಗರದ ಭಾಗ. ಹಿಂಜವಡಿಯ ಕಚೇರಿಗಳಲ್ಲಿ ದುಡಿಯುವ ಕನ್ನಡಿಗರು ಹಗಲೆಲ್ಲ ಕೆಲಸದ ಒತ್ತಡವನ್ನೂ, ರಾತ್ರಿ ಊರಿನಲ್ಲಿರುವ ವೃದ್ಧ ತಂದೆತಾಯಿಗಳ ಚಿಂತೆಯನ್ನೂ ಹೊತ್ತು ಮಲಗುತ್ತಾರೆ. ಬೆಳಿಗ್ಗೆ ಏಳುವಾಗ ಕಪೋಲ ನೋವು, ಕಿವಿಯ ಮುಂದೆ ಬಿಗಿತ, ತಲೆಭಾರ. ರಾತ್ರಿಯಿಡೀ ಹಲ್ಲು ಕಡಿದ ಸಂಗತಿ ಪಕ್ಕದಲ್ಲಿ ಮಲಗಿದವರಿಗೆ ಮಾತ್ರ ಗೊತ್ತು.

ಇಂಥವರು ದಂತವೈದ್ಯರ ಬಳಿಗೆ ಹೋದಾಗ ಇತ್ತೀಚೆಗೆ ‘ಬೊಟಾಕ್ಸ್’ ಎಂಬ ಹೆಸರು ಕಿವಿಗೆ ಬೀಳುತ್ತದೆ. ದವಡೆಯ ಬಿಗಿತಕ್ಕೂ, ಹಣೆಯ ಗೆರೆಗಳಿಗೂ ಅದೇ ಮದ್ದು ಎಂದು ಕೇಳಿದಾಗ ಗೊಂದಲವಾಗುವುದು ಸಹಜ. ಆದ್ದರಿಂದ ಈ ಮದ್ದಿನ ಗುಣದೋಷಗಳನ್ನು ಅರಿಯುವುದು ಉಚಿತ.

ವಿಷವೇ ಔಷಧವಾದ ಬಗೆ

ಕೆಟ್ಟ ಮಾಂಸಾಹಾರದಿಂದ ಉಂಟಾಗುತ್ತಿದ್ದ ಮಾರಕ ಪಾರ್ಶ್ವವಾಯುವನ್ನು ಜರ್ಮನಿಯ ವೈದ್ಯ ಹಾಗೂ ಕವಿ ಯೂಸ್ಟಿನುಸ್ ಕೆರ್ನರ್ 1822ರಲ್ಲಿಯೇ ವಿವರವಾಗಿ ವರ್ಣಿಸಿದ್ದರು. ಅದಕ್ಕೆ ಕಾರಣವಾದ ಸೂಕ್ಷ್ಮಾಣುವನ್ನು 1895ರಲ್ಲಿ ಬೆಲ್ಜಿಯಂ ದೇಶದಲ್ಲಿ ಗುರುತಿಸಲಾಯಿತು. ಆ ಸೂಕ್ಷ್ಮಾಣು ಸ್ರವಿಸುವ ವಿಷವನ್ನೇ ಅತ್ಯಲ್ಪ ಪ್ರಮಾಣದಲ್ಲಿ ಬಳಸಿ ಮೆಳ್ಳೆಗಣ್ಣನ್ನು ಸರಿಪಡಿಸಬಹುದೆಂದು ಅಮೆರಿಕದ ನೇತ್ರವೈದ್ಯ ಆಲನ್ ಸ್ಕಾಟ್ 1980ರಲ್ಲಿ ಪ್ರಕಟಿಸಿದರು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 1989ರಲ್ಲಿ ಕಣ್ಣಿನ ತೊಂದರೆಗಳಿಗೂ, 2002ರಲ್ಲಿ ಹುಬ್ಬುಗಳ ನಡುವಿನ ಗೆರೆಗಳಿಗೂ ಅನುಮತಿ ನೀಡಿತು. ಹಲ್ಲು ಕಡಿಯುವ ತೊಂದರೆಗೆ ಆ ಸಂಸ್ಥೆಯ ಪ್ರತ್ಯೇಕ ಅನುಮತಿ ಇಲ್ಲ. ವೈದ್ಯರು ತಮ್ಮ ವಿವೇಚನೆಯಿಂದ ಬಳಸುತ್ತಾರೆ.

ಕೆಲಸ ಮಾಡುವ ರೀತಿ

ಸ್ನಾಯು ಸಂಕುಚಿಸಬೇಕಾದರೆ ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಬರಬೇಕು. ಈ ಮದ್ದು ಅದನ್ನು ತಡೆಯುತ್ತದೆ. ಕಪೋಲದಲ್ಲಿರುವ ಮ್ಯಾಸಿಟರ್ ಎಂಬ ಅಗಿಯುವ ಸ್ನಾಯುವಿಗೆ ಚುಚ್ಚಿದರೆ ಕೆಲವು ದಿನಗಳಲ್ಲಿ ಅದರ ಬಿಗಿ ಸಡಿಲಗೊಂಡು, ಸುಮಾರು ಎರಡು ವಾರಗಳಲ್ಲಿ ಪೂರ್ಣ ಪರಿಣಾಮ ಕಾಣುತ್ತದೆ. ಸಾಮಾನ್ಯವಾಗಿ ಮೂರು-ನಾಲ್ಕು ತಿಂಗಳಲ್ಲಿ ನರ ಚೇತರಿಸಿಕೊಂಡು ಸ್ನಾಯು ಮೊದಲಿನಂತಾಗುತ್ತದೆ. ಹುಬ್ಬು ಗಂಟಿಕ್ಕುವಾಗ ಮೂಡುವ ಗೆರೆಗಳೂ ಹೀಗೆಯೇ ಮಾಸುತ್ತವೆ. ಬಿಸಿಲು ಮತ್ತು ವಯಸ್ಸಿನಿಂದ ಚರ್ಮದಲ್ಲಿ ಆಳವಾಗಿ ನೆಲೆಸಿದ ಗೆರೆಗಳು ಅಷ್ಟಾಗಿ ಮಾಸವು.

ಎಂದರೆ ಇದು ಒಮ್ಮೆ ತೆತ್ತು ಮುಗಿಯುವ ವೆಚ್ಚವಲ್ಲ, ಮತ್ತೆಮತ್ತೆ ಬರುವ ವೆಚ್ಚ. ಮುಖ್ಯವಾಗಿ, ಮದ್ದು ಸ್ನಾಯುವನ್ನು ದುರ್ಬಲಗೊಳಿಸುತ್ತದೆಯೇ ಹೊರತು ಹಲ್ಲು ಕಡಿಯುವಂತೆ ಮಾಡುವ ಕಾರಣವನ್ನು ಹೋಗಲಾಡಿಸದು.

ಮೊದಲು ಕಾರಣದ ಶೋಧ

ಹಲ್ಲು ಕಡಿಯುವುದು ಜಂತುಹುಳುವಿನಿಂದ ಎಂಬ ನಂಬಿಕೆ ನಮ್ಮ ಮನೆಗಳಲ್ಲಿ ಇಂದಿಗೂ ಇದೆ. ವಯಸ್ಕರಲ್ಲಿ ಮಾನಸಿಕ ಒತ್ತಡ, ಕೆಟ್ಟ ನಿದ್ರೆ, ಅತಿಯಾದ ಕಾಫಿ, ತಂಬಾಕು, ಮದ್ಯ ಮತ್ತು ಖಿನ್ನತೆಗೆ ಕೊಡುವ ಕೆಲವು ಔಷಧಗಳನ್ನು ಮೊದಲು ಗಮನಿಸಬೇಕು. ಗಟ್ಟಿಯಾಗಿ ಗೊರಕೆ ಹೊಡೆಯುವವರು ನಿದ್ರೆಯಲ್ಲಿ ಉಸಿರು ನಿಲ್ಲುವ ತೊಂದರೆ ಇದೆಯೇ ಎಂದು ಪರೀಕ್ಷಿಸಿಕೊಳ್ಳಬೇಕು. ಹಲ್ಲು ಸವೆಯದಂತೆ ರಾತ್ರಿ ಧರಿಸುವ ‘ನೈಟ್ ಗಾರ್ಡ್’, ಬಿಸಿ ಶಾಖ, ದವಡೆಯ ವ್ಯಾಯಾಮ, ಇವು ಸಾಮಾನ್ಯವಾಗಿ ಮೊದಲ ಹೆಜ್ಜೆಗಳು. ಬಾಯಿ ಮುಚ್ಚಿದಾಗ ತುಟಿ ಕೂಡಿರಲಿ, ಹಲ್ಲು ಬಿಡಿಯಾಗಿರಲಿ ಎಂಬುದು ನೆನಪಿಡತಕ್ಕ ಸೂತ್ರ. ಇವುಗಳಿಂದ ಗುಣ ಕಾಣದಿದ್ದಾಗ ಚುಚ್ಚುಮದ್ದಿನ ವಿಚಾರ ಮಾಡಬಹುದು.

ಇಲ್ಲೊಂದು ಎಚ್ಚರಿಕೆ: ಮೆಟ್ಟಿಲು ಹತ್ತುವಾಗ ದವಡೆ ನೋಯತೊಡಗಿದರೆ, ಜೊತೆಗೆ ಎದೆ ಬಿಗಿತ, ಬೆವರು ಕಂಡರೆ, ಅದು ಹೃದಯದ ನೋವಾಗಿರಬಹುದು. ಆಗ ದಂತವೈದ್ಯರ ಬಳಿಗಲ್ಲ, ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಯಾರಿಗೆ ಸಲ್ಲದು?

ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಇದನ್ನು ತೆಗೆದುಕೊಳ್ಳದಿರುವುದೇ ಲೇಸು. ಮಯಸ್ತೇನಿಯಾ ಮೊದಲಾದ ನರಸ್ನಾಯು ರೋಗವುಳ್ಳವರಿಗೆ ಅಪಾಯ ಹೆಚ್ಚು. ಚುಚ್ಚಿದ ಕಡೆ ನೋವು, ಕಂದು, ವಕ್ರ ನಗೆ, ಹಣೆಗೆ ಚುಚ್ಚಿದಾಗ ಜೋಲುವ ರೆಪ್ಪೆ ಇತ್ಯಾದಿ ತಾತ್ಕಾಲಿಕ ತೊಂದರೆಗಳು ಬರಬಹುದು. ಕಡಕ್ ರೊಟ್ಟಿ, ಚಕ್ಕುಲಿ ಅಗಿಯುವುದು ಕೆಲಕಾಲ ಆಯಾಸವೆನಿಸೀತು. ನುಂಗಲು, ಮಾತಾಡಲು, ಉಸಿರಾಡಲು ಕಷ್ಟವಾಗುವುದು ವಿರಳವಾದರೂ ಗಂಭೀರ. ತಕ್ಷಣ ಆಸ್ಪತ್ರೆ ಸೇರಬೇಕು.

ಒಪ್ಪುವ ಮುನ್ನ ವೈದ್ಯರ ತರಬೇತಿ, ಮದ್ದಿನ ಹೆಸರು, ಅವಧಿ, ಪ್ರಮಾಣ ಇವನ್ನು ಸಂಕೋಚವಿಲ್ಲದೆ ಕೇಳಬೇಕು. ಒಂದು ಕಂಪನಿಯ ಮದ್ದಿನ ‘ಯೂನಿಟ್’ ಇನ್ನೊಂದರದಕ್ಕೆ ಸಮವಲ್ಲ. ದವಡೆಯ ನೋವಿಗೆಂದು ಹೋದವರು ರಿಯಾಯಿತಿಯ ಆಸೆಗೆ ಹಣೆಯ ಗೆರೆಗೂ ಒಪ್ಪಬೇಕಾಗಿಲ್ಲ. ಮೊದಲನೆಯದು ಚಿಕಿತ್ಸೆ, ಎರಡನೆಯದು ಅವರವರ ಇಚ್ಛೆ.

ಅತಿಯಾದರೆ ಅಮೃತವೂ ವಿಷ ಎಂದು ಹಿರಿಯರು ಹೇಳಿದರು. ಮಿತವಾದರೆ ವಿಷವೂ ಔಷಧ ಎಂದು ವಿಜ್ಞಾನ ತೋರಿಸಿದೆ. ಆದರೆ ದವಡೆ ಬಿಗಿಯುವಂತೆ ಮಾಡಿದ ಚಿಂತೆಯನ್ನು ಯಾವ ಸೂಜಿಯೂ ತಲುಪದು. ಅದಕ್ಕೆ ನಿದ್ರೆ, ವಿಶ್ರಾಂತಿ ಮತ್ತು ಮನಸ್ಸು ಬಿಚ್ಚಿ ಮಾತಾಡಲು ನಾಲ್ಕು ಜನ ಆಪ್ತರು ಬೇಕು.