ಹಳೆಯ ಪಿತ್ತಗಂಧೆಗೆ ಕೊನೆಯುಂಟೆ?

ಮೈಮೇಲೆ ತುರಿಕೆಯೊಡನೆ ದದ್ದುಗಳೆದ್ದು, ಕೆಲವು ಗಂಟೆಗಳಲ್ಲಿ ಅಡಗಿ, ಮತ್ತೊಂದೆಡೆಯಲ್ಲಿ ತಲೆದೋರುವ ವ್ಯಾಧಿಯನ್ನು ನಮ್ಮ ಮನೆಗಳಲ್ಲಿ ಪಿತ್ತಗಂಧೆಯೆನ್ನುವರು. ಮಾಧವನಿದಾನದಲ್ಲಿ ಇದಕ್ಕೆ ಶೀತಪಿತ್ತವೆಂದು ಹೆಸರು. 6 ವಾರಗಳನ್ನು ಮೀರಿ ಮರುಕಳಿಸುತ್ತಿದ್ದರೆ ಅದು ದೀರ್ಘಕಾಲಿಕವೆನಿಸುವುದು.

ಇದು ಬಾಳಿನುದ್ದಕ್ಕೂ ಬಿಡದೇ ಎಂಬುದೇ ರೋಗಿಯ ಮೊದಲ ಚಿಂತೆ. ವಾಚಕರು ಧೈರ್ಯಗೆಡಬೇಕಾಗಿಲ್ಲ. ಹಲವರಲ್ಲಿ ಇದು 1ರಿಂದ 5 ವರ್ಷಗಳೊಳಗೆ ತಾನಾಗಿಯೇ ಶಮನವಾಗುವುದು. ಆದರೆ ತುಟಿ, ಕಣ್ಣುರೆಪ್ಪೆಗಳೂ ಊದಿಕೊಳ್ಳುವವರಲ್ಲಿ ಹೆಚ್ಚು ಕಾಲ ನಿಲ್ಲುವುದುಂಟು; ಹೋದದ್ದು ಮರಳುವುದೂ ಉಂಟು.

ಚರ್ಮದೊಳಗಿನ ಕೆಲವು ಜೀವಕೋಶಗಳು ಹಿಸ್ಟಮಿನ್ ಎಂಬ ದ್ರವ್ಯವನ್ನು ಚೆಲ್ಲುವುದರಿಂದ ದದ್ದುಗಳೇಳುವುವು. ಅನೇಕರಲ್ಲಿ ದೇಹದ ರಕ್ಷಣಾಶಕ್ತಿಯೇ ದಾರಿತಪ್ಪಿ ಅವನ್ನು ಕೆರಳಿಸುವುದು. ಆದುದರಿಂದ ಇದು ಅಂಟುರೋಗವಲ್ಲ, ರಕ್ತ ಕೆಟ್ಟುದರ ಗುರುತೂ ಅಲ್ಲ. ಈ ಹಳೆಯ ಗಂಧೆಗೆ ಆಹಾರವು ಕಾರಣವಾಗುವುದು ಅಪೂರ್ವ. ನಂಜೆಂದು ಬದನೆ, ಕಡಲೆಕಾಯಿ, ಕಡೆಗೆ ಬೇಳೆಯನ್ನೂ ಬಿಡಿಸಿ ರೋಗಿಯನ್ನು ಸೊರಗಿಸುವುದು ಉಚಿತವಲ್ಲ. ಆಸ್ಪಿರಿನ್ ಜಾತಿಯ ನೋವಿನ ಗುಳಿಗೆಗಳು, ಬಿಗಿಯುಡುಪು, ಸೆಕೆ ಇವು ಮಾತ್ರ ಹಲವರಲ್ಲಿ ಬಾಧೆಯನ್ನು ಹೆಚ್ಚಿಸುವುವು.

ಸೆಟಿರಿಜಿನ್ ಮೊದಲಾದ ಗುಳಿಗೆಗಳು ವ್ಯಾಧಿಯನ್ನು ಬೇರುಸಹಿತ ಕೀಳವು. ಅದು ತಾನಾಗಿ ತೊಲಗುವವರೆಗೆ ಬಾಧೆಯನ್ನು ತಡೆದಿಡುವುವು. ಆದಕಾರಣ ದದ್ದೆದ್ದಾಗ ಮಾತ್ರವಲ್ಲದೆ, ವೈದ್ಯರು ಹೇಳಿದ ಪ್ರಮಾಣದಲ್ಲಿ ದಿನವೂ ಸೇವಿಸಬೇಕು. ಅವುಗಳಿಂದ ಗುಣ ಕಾಣದವರಿಗೆ ಒಮಾಲಿಜುಮಾಬ್ ಎಂಬ ಚುಚ್ಚುಮದ್ದುಂಟು. ಒಂದೇ ದದ್ದು 24 ಗಂಟೆಗಳಿಗೂ ಮಿಕ್ಕು ನಿಂತು ಕಲೆಯುಳಿಸಿದರೆ ವೈದ್ಯರಿಗೆ ತೋರಿಸಬೇಕು. ನಾಲಗೆ ಊದಿ ಉಸಿರು ಕಟ್ಟಿದರೆ ತತ್‌ಕ್ಷಣವೇ ಆಸ್ಪತ್ರೆಗೊಯ್ಯಬೇಕು.

ಹಗಲಿನಲ್ಲಿ ಮೈ ತಿಳಿಯಾಗಿ ಕಂಡರೂ ರೋಗಿಯು ಇರುಳೆಲ್ಲ ತುರಿಸಿಕೊಂಡು ನಿದ್ರೆಗೆಟ್ಟಿರಬಹುದು. ಮನೆಯವರು ಅದನ್ನರಿತು ಸಹನೆಯಿಂದ ನಡೆದುಕೊಳ್ಳುವುದು ಅರ್ಧ ಚಿಕಿತ್ಸೆಗೆ ಸಮಾನ.